ಬೆನ್ನು ಕಾಯ್ದ ಬಾಯೋರು

ಕಾಯಿಲೆ ಬಿದ್ದವರನ್ನು ಮಾತಾಡಿಸಲು ಹೋದವರು ಮೊದಲು ಮುಖ ನೋಡುತ್ತಾರೆ. ನಾನು ಹೊದಿಕೆಯ ತುದಿ ಸರಿಸಿ ಹಿಮ್ಮಡ ನೋಡುತ್ತೇನೆ. ಆಮೇಲೆ ಕೈ ಮಗುಚಿ, ಬೆರಳುಗಳ ಹಿಂಬದಿಯನ್ನು ಅವರ ಸೊಂಟದ ಕೆಳಗೆ ತೂರಿಸುತ್ತೇನೆ. ಈ ಚಟದಿಂದ ನಮ್ಮ ಬಳಗದಲ್ಲಿ ನನಗೆ ಬಂದಿರುವ ಹೆಸರು ಅಷ್ಟೇನೂ ಒಳ್ಳೆಯದಲ್ಲ. ಹೋದ ವರ್ಷ ಬೀಗರೊಬ್ಬರ ಮನೆಯ ಸೊಸೆ ಮುಖ ಊದಿಸಿಕೊಂಡು, ಹಣ್ಣು ಹಿಡಿದುಕೊಂಡು ಬಂದವರು ಬಹಳ ಮಂದಿ, ತಪಾಸಣೆಗೆ ಬಂದವರು ನೀವೊಬ್ಬರೇ ಎಂದಳು. ನಕ್ಕು ಇನ್ನೊಂದು ಹಿಮ್ಮಡವನ್ನೂ ನೋಡಿದೆ. ವಯಸ್ಸಾದ ಮಾಸ್ತರಿಣಿಗೆ ಜನ ಇಷ್ಟು ರಿಯಾಯಿತಿ ಕೊಡುತ್ತಾರೆ.

ಈ ಚಟ ಕಲಿಸಿದವರು ರೋಣದ ದವಾಖಾನೆಯಲ್ಲಿ ನರ್ಸ್ ಆಗಿದ್ದ ಒಬ್ಬ ಹೆಂಗಸು. ಅವರಿಗೊಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಬಳಸಲಿಲ್ಲವಾದ್ದರಿಂದ ನಾನೂ ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಅವರು ಬಾಯೋರು. ಐವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರವಿತ್ತು. ಬಾಯೋರು ಎತ್ತರದ ಆಳು, ಮೈಯಲ್ಲಿ ಮಾಂಸ ಕಡಿಮೆ. ಅವರ ಬಿಳಿ ಸೀರೆ ನೀಲಿ ಹಾಕಿಸಿಕೊಂಡು ಹಾಕಿಸಿಕೊಂಡು ಬಿಳಿಯೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣಕ್ಕೆ ಬಂದಿತ್ತು. ಉಗುರುಗಳನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸುತ್ತಿದ್ದರು. ಕೈಯಲ್ಲಿ ಬಳೆ ಇರಲಿಲ್ಲ. ಗಂಡ ಸತ್ತಿದ್ದಾನೆ, ಅದಕ್ಕೇ ಬಳೆಯಿಲ್ಲ ಎಂದು ಊರು ತೀರ್ಮಾನಿಸಿತ್ತು. ನಾನೊಮ್ಮೆ ಕೇಳಿದಾಗ, ಬಳೆ ರೋಗಿಗಳ ಚರ್ಮಕ್ಕೆ ತರಚುತ್ತದೆ ಎಂದಷ್ಟೇ ಹೇಳಿದರು. ಗಂಡ ಇದ್ದನೋ ಇಲ್ಲವೋ ಅವರು ಹೇಳಲಿಲ್ಲ, ಎರಡನೆಯ ಸಲ ಕೇಳಲು ನನಗೆ ಧೈರ್ಯವಾಗಲಿಲ್ಲ.

ಜಾತಿಯ ವಿಷಯದಲ್ಲೂ ಹಾಗೇ. ಮಿಷನ್ನಿನವರ ಆಸ್ಪತ್ರೆಯಲ್ಲಿ ಕೆಲಸ ಕಲಿತವರಾದ್ದರಿಂದ ಕಿರಿಸ್ತಾನರು ಎಂದು ಕೆಲವರು, ಗಜೇಂದ್ರಗಡದ ನೇಕಾರರ ಮನೆಯವರು ಎಂದು ಕೆಲವರು, ಇನ್ನು ಕೆಲವರು ದನಿ ತಗ್ಗಿಸಿ ಬೇರೇನೋ ಹೇಳುತ್ತಿದ್ದರು. ಕಂಡವರ ಮಲಮೂತ್ರ ಬಳಿಯುವವಳಿಗೆ ಜಾತಿ ಎಲ್ಲಿ ಉಳಿದೀತು ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ ಮಾತು. ಗಜೇಂದ್ರಗಡದಲ್ಲಿ ಅಣ್ಣನೊಬ್ಬ ಮಗ್ಗ ನೇಯುತ್ತಿದ್ದಾನೆ ಎಂದು ಅವರೇ ಒಮ್ಮೆ ಹೇಳಿದ್ದುಂಟು. ರೋಣದಿಂದ ದೂರವೇನಲ್ಲ, ಹಬ್ಬಕ್ಕೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಹೋಗಾಕೇನ್ರಿ ಅಕ್ಕೋರ, ಬಸ್ ಐತಿ. ಒಳಗ ಬಾ ಅಂತ ಅವರು ಕರೀಬೇಕಲ್ರಿ," ಎಂದರು.

ನಮ್ಮ ಕಡೆ ಮಾಸ್ತರಿಣಿಯರನ್ನು ಅಕ್ಕೋರು ಎನ್ನುವುದು ರೂಢಿ. ನಾನು ಆಗ ರೋಣದ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಟ್ರೇನಿಂಗ್ ಮುಗಿಸಿ, ತಾಯಿಯನ್ನು ಕಟ್ಟಿಕೊಂಡು ಅಲ್ಲಿಗೆ ಬಂದಿದ್ದೆ. ಅಣ್ಣ ಸೊಲ್ಲಾಪುರದಲ್ಲಿ ಗಿರಣಿಯ ಆಫೀಸಿನಲ್ಲಿದ್ದ.

ಬಾಯೋರ ಕೆಲಸವನ್ನು ನಾನು ಮೊದಲು ಕಂಡದ್ದು ನಮ್ಮ ಹುಡುಗಿಯರಿಗೆ ಸಿಡುಬು ಬಾರದಂತೆ ದೇವಿ ಹಾಕಿಸಲು ದವಾಖಾನೆಗೆ ಕರೆದುಕೊಂಡು ಹೋದ ದಿನ. ಎಂಟು ಮಂಚಗಳ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿಯ ಮಂಚದಲ್ಲಿ ಅಬ್ಬಿಗೇರಿಯ ಒಕ್ಕಲಿಗನೊಬ್ಬ. ಹತ್ತಿ ತುಂಬಿದ ಚಕ್ಕಡಿಯಿಂದ ಬಿದ್ದು ತೊಡೆ ಮುರಿದುಕೊಂಡಿದ್ದ. ಕೋಣೆ ಹಾರಿಹೋಗುವಂತೆ ಒದರುತ್ತಿದ್ದ. ಗೋಡೆಯ ಬದಿಯ ಮಂಚದಲ್ಲಿ ಬೆಳವಣಕಿಯ ಒಬ್ಬ ಮುದುಕಿ, ಹತ್ತು ದಿನದ ಜ್ವರದವಳು, ತೆಪ್ಪಗೆ ಮಲಗಿದ್ದಳು. ಯಾರು ಕೇಳಿದರೂ ಆರಾಮ ಇದ್ದೇನೆ ಎನ್ನುತ್ತಿದ್ದಳು. ಬಾಯೋರು ಒದರುವವನ ಕಡೆ ತಿರುಗಿಯೂ ನೋಡದೆ ಮುದುಕಿಯ ಹತ್ತಿರ ಹೋದರು. ಮೊದಲು ನೋಡಿದ್ದು ಮಂಚದ ಕೆಳಗಿದ್ದ ಊಟದ ತಾಟು. ಆಮೇಲೆ ಕೈ ಮಗುಚಿ ಸೊಂಟದ ಕೆಳಗೆ ತೂರಿಸಿ, ಕಣ್ಣು ಮುಚ್ಚಿ, ಏನೋ ಕೇಳಿಸಿಕೊಳ್ಳುವವರಂತೆ ಸ್ವಲ್ಪ ಹೊತ್ತು ನಿಂತರು. ಆ ಮಂಚವನ್ನು ಎತ್ತಿಸಿ ತಮ್ಮ ಮೇಜಿನ ಬಳಿ ಹಾಕಿಸಿದರು. ನನಗೆ ಬಾಯಿ ಕಟ್ಟಿಕೊಂಡಿರಲು ಬರುವುದಿಲ್ಲ. ಒದರುವವನನ್ನು ಬಿಟ್ಟು ಸುಮ್ಮನಿದ್ದವಳನ್ನು ಯಾಕೆ ಹತ್ತಿರ ಹಾಕಿಕೊಂಡಿರಿ ಎಂದು ಕೇಳಿಯೇಬಿಟ್ಟೆ.

"ಅವರು ಒದರ್ತಾರ, ಹೊರಳ್ತಾರ, ಹೆಂಡ್ತಿ ಕೂಡ ಜಗಳಾಡ್ತಾರ, ಮ್ಯಾಲ ನಾಕ ರೊಟ್ಟಿ ತಿಂತಾರ. ಅವರ ಬೆನ್ನಿಗಿ ಏನೂ ಆಗಂಗಿಲ್ರಿ. ಈ ಅಜ್ಜಿ ಆರಾಮ ಅದೀನಿ ಅಂತಾಳ. ರೊಟ್ಟಿ ಮುರದಿಲ್ಲ. ಮುಂಜಾನಿ ಸೀರಿ ನಿರಿಗಿ ಹ್ಯಾಂಗಿತ್ತೋ ಈಗೂ ಹಂಗ ಐತಿ, ನೋಡ್ರಿ. ಬಾಯಿ ಸುಳ್ಳ ಹೇಳತೈತಿ ಅಕ್ಕೋರ, ಹಿಮ್ಮಡ ಹೇಳಂಗಿಲ್ಲ."

ಅವರು ಹುಡುಕುತ್ತಿದ್ದುದು ಹಾಸಿಗೆ ಹುಣ್ಣನ್ನು. ಹುಣ್ಣನ್ನು ಅನ್ನುವುದಕ್ಕಿಂತ, ಹುಣ್ಣು ಯಾರಿಗೆ ಬಂದೀತು ಎಂಬುದನ್ನು. ಒಂದೇ ಮಗ್ಗಲಿಗೆ ಬಿದ್ದ ದೇಹದಲ್ಲಿ ಎಲುಬು ಮಾಂಸವನ್ನು ಒತ್ತುತ್ತದೆ, ಅಲ್ಲಿಗೆ ನೆತ್ತರು ಹೋಗುವುದು ನಿಲ್ಲುತ್ತದೆ, ಒಳಗೊಳಗೇ ಮಾಂಸ ಸಾಯುತ್ತದೆ. ಬಿಳಿ ತೊಗಲಿನವರಿಗೆ ಮೊದಲು ಅಲ್ಲಿ ಕೆಂಪಾಗುತ್ತದಂತೆ. ಬಾಯೋರಿಗೆ ಕಲಿಸಿದ ಮಿಷನ್ನಿನ ಮೇಡಂ ಕೆಂಪು ನೋಡಿ ಎಂದೇ ಹೇಳಿಕೊಟ್ಟಿದ್ದಳು. ಕಪ್ಪು ಮಣ್ಣಿನ ಯರಿಭೂಮಿಯಲ್ಲಿ ಬಿಸಿಲು ಉಂಡ ನಮ್ಮ ಜನರ ಬೆನ್ನಿನ ಮೇಲೆ ಕೆಂಪು ಎಲ್ಲಿ ಕಾಣಬೇಕು? ಕಾಣುವಷ್ಟರಲ್ಲಿ ಅದು ಕಪ್ಪಾಗಿರುತ್ತಿತ್ತು. ಅದಕ್ಕೆ ಬಾಯೋರು ಕಣ್ಣನ್ನು ನಂಬುವುದು ಬಿಟ್ಟು ಕೈಯನ್ನು ನಂಬಿದ್ದರು. ಕೆಡಲಿರುವ ಜಾಗ ಮೊದಲು ಸುತ್ತಲಿನ ಮೈಗಿಂತ ಬಿಸಿಯಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ ಎನ್ನುತ್ತಿದ್ದರು. ಅಂಗೈ ದುಡಿದು ದುಡಿದು ದಡ್ಡಾಗಿರುತ್ತದೆ, ಬೆರಳಿನ ಹಿಂಬದಿಗೆ ಇನ್ನೂ ತಿಳಿವಳಿಕೆ ಇದೆ ಎನ್ನುತ್ತಿದ್ದರು. ಇದನ್ನೆಲ್ಲ ಬರೆದಿಟ್ಟ ಪುಸ್ತಕ ಅವರ ಹತ್ತಿರ ಇರಲಿಲ್ಲ. ಇಷ್ಟು ವರ್ಷ ಎಷ್ಟೋ ಬೆನ್ನುಗಳ ಮೇಲೆ ಕೈಯಿಟ್ಟು ತಾವೇ ಕಂಡುಕೊಂಡದ್ದು.

ಕಾರ್ತಿಕದಲ್ಲಿ ಒಂದು ಮುಂಜಾನೆ ನಮ್ಮ ಅವ್ವ ತುಳಸಿಗೆ ನೀರು ಹಾಕುತ್ತ ಕುಸಿದಳು. ಲಕ್ವಾ. ಎಡಗಡೆ ಪೂರ್ತಿ ಹೋಯಿತು, ಮಾತು ತೊದಲಾಯಿತು. ಡಾಕ್ಟರು ಮನೆಗೆ ಬಂದು ನೋಡಿದರು. ಅವರ ಚೀಲ ಹಿಡಿದುಕೊಂಡು ಬಾಯೋರು ಬಂದಿದ್ದರು. ಡಾಕ್ಟರು ನನಗೆ ಸಮಾಧಾನ ಹೇಳುತ್ತಿರುವಾಗ ಬಾಯೋರು ಹೊಸ್ತಿಲ ಆಚೆಯಿಂದಲೇ ಅವ್ವನ ಹಾಸಿಗೆಯನ್ನೂ ಅವಳ ಹಿಮ್ಮಡಗಳನ್ನೂ ನೋಡುತ್ತ ನಿಂತಿದ್ದರು. ಹೊರಡುವಾಗ ಹಿಂದೆ ಉಳಿದು ಹೇಳಿದರು.

"ಲಕ್ವಾದಿಂದ ಇವರು ಸಾಯಂಗಿಲ್ರಿ ಅಕ್ಕೋರ. ಬೆನ್ನ ಒಡದ್ರ ಸಾಯ್ತಾರ. ಬೆನ್ನೊಂದು ಕಾಯ್ರಿ."

ಎರಡು ತಾಸಿಗೊಮ್ಮೆ ಹೊರಳಿಸಬೇಕು ಎಂದರು. ನಾನು ಹನ್ನೊಂದಕ್ಕೆ ಸಾಲೆಗೆ ಹೋದರೆ ಬರುವುದು ಸಂಜೆ ಐದಕ್ಕೆ. ನಡುವಿನ ಸೂಟಿಯಲ್ಲಿ ಅರ್ಧ ತಾಸು ಓಡಿಬರಬಹುದು, ಅಷ್ಟೇ. ನನ್ನ ಮುಖ ನೋಡಿ ಅವರೇ ದಾರಿ ತೋರಿಸಿದರು. ದವಾಖಾನೆ ಮಧ್ಯಾಹ್ನ ಮುಚ್ಚುತ್ತದೆ. ಮುಚ್ಚಿದ ಕೂಡಲೇ ಬಂದು ಒಮ್ಮೆ ಹೊರಳಿಸುತ್ತೇನೆ, ನಿಮ್ಮ ಕಟ್ಟೆಯ ಮೇಲೆ ರೊಟ್ಟಿ ತಿಂದು, ತೆರೆಯುವ ಹೊತ್ತಿಗೆ ಇನ್ನೊಮ್ಮೆ ಹೊರಳಿಸಿ ಹೋಗುತ್ತೇನೆ ಎಂದರು. ಇದು ಅವರ ನೌಕರಿಯ ಕೆಲಸವಲ್ಲ. ಯಾಕೆ ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಬಿಟ್ಟುಬಿಟ್ಟಾರೋ ಎಂಬ ಅಂಜಿಕೆ.

ತಕರಾರು ಬಂದದ್ದು ಅವ್ವನಿಂದ. ನಮ್ಮದು ಕಟ್ಟುನಿಟ್ಟಿನ ಮಡಿಯ ಮನೆ. ಅರ್ಧ ಮೈ ಸತ್ತಿದ್ದರೂ ಉಳಿದರ್ಧದ ಮಡಿ ಅವಳಿಗೆ ಬೇಕಿತ್ತು. ದವಾಖಾನೆಯವಳು ಮುಟ್ಟಿದರೆ ತಾನು ಅನ್ನ ಬಿಡುತ್ತೇನೆ ಎಂದು ತೊದಲುತ್ತ ಹಟ ಹಿಡಿದಳು. ಎರಡು ದಿನ ಬಿಟ್ಟೂ ಬಿಟ್ಟಳು. ಮೂರನೆಯ ದಿನ ಅವಳೇ ಒಂದು ಉಪಾಯ ಹೇಳಿದಳು. ಉಣ್ಣೆಗೆ ಮೈಲಿಗೆ ಇಲ್ಲ. ಪೂಜೆಗೆ ಉಡುವ ಧಾಬಳಿ ಉಣ್ಣೆಯದು. ತನಗೆ ಧಾಬಳಿ ಸುತ್ತಿ, ಅದರ ಮೇಲಿಂದ ಅವಳು ಹೊರಳಿಸಲಿ.

ಬಾಯೋರಿಗೆ ಇದನ್ನು ಹೇಳುವಾಗ ನಾನು ಅವರ ಮುಖ ನೋಡಲಿಲ್ಲ, ಕಂಬ ನೋಡುತ್ತ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಹೊರಳಿಸುವುದಕ್ಕೇನೂ ಅಡ್ಡಿಯಿಲ್ಲ, ಆದರೆ ಉಣ್ಣೆಯ ಮೇಲಿಂದ ಬಿಸಿ ತಿಳಿಯುವುದಿಲ್ಲ ಎಂದರು. ಬೆನ್ನನ್ನು ಬರಿಗೈಯಲ್ಲಿ ನಾನು ನೋಡಬೇಕು, ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ತಪ್ಪಿಸಬಾರದು. ನನ್ನ ಕೈ ಹಿಡಿದು ತಮ್ಮ ತೋಳಿನ ಮೇಲೆ ಇಟ್ಟುಕೊಂಡು, ಒತ್ತದೆ ಮುಟ್ಟುವುದು ಹೇಗೆಂದು ಕಲಿಸಿದರು. ಅವ್ವನಿಗೆ ಕೇಳಿಸದ ಹಾಗೆ ಇದೆಲ್ಲ ಕಟ್ಟೆಯ ಮೇಲೆ ನಡೆಯಿತು. ಆಮೇಲೆ ನಾನು ಒಳಗೆ ಹೋಗಿ ಕೈಕಾಲು ತೊಳೆದುಕೊಂಡೆ. ತೊಳೆದುಕೊಂಡದ್ದು ಅವರಿಗೆ ಕೇಳಿಸಿರಬೇಕು, ಬಚ್ಚಲು ಅಲ್ಲೇ ಗೋಡೆಯ ಆಚೆ.

ಹೀಗೆ ಚಳಿಗಾಲ ಕಳೆಯಿತು. ಮಧ್ಯಾಹ್ನ ನಾನು ಓಡಿಬರುವಷ್ಟರಲ್ಲಿ ಅವರು ಬೀದಿಗೆ ಬೆನ್ನು ಮಾಡಿ ಕಟ್ಟೆಯ ಮೂಲೆಯಲ್ಲಿ ಕೂತು, ಅರಿವೆಯಲ್ಲಿ ಕಟ್ಟಿ ತಂದ ರೊಟ್ಟಿ ತಿನ್ನುತ್ತಿರುತ್ತಿದ್ದರು. ಜೊತೆಗೆ ಖಾರ, ಒಂದು ಉಳ್ಳಾಗಡ್ಡಿ. ನಾನು ಮಜ್ಜಿಗೆ ಕೊಡುತ್ತಿದ್ದೆ. ಅವರಿಗೆಂದೇ ಒಂದು ಲೋಟ ಹೊರಗಿನ ಗೂಡಿನಲ್ಲಿರುತ್ತಿತ್ತು. ನಾನು ಮೇಲಿಂದ ಹೊಯ್ಯುತ್ತಿದ್ದೆ, ಅವರು ಕೆಳಗೆ ಲೋಟ ಹಿಡಿಯುತ್ತಿದ್ದರು. ಹೀಗೆ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಮಜ್ಜಿಗೆ ಕೊಡುತ್ತೇನಲ್ಲ ಎಂದು ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯವಿತ್ತು.

ಎಡಗಡೆ ಮಲಗಿದರೆ ಅವ್ವನಿಗೆ ದೇವರ ಕೋಣೆ ಎದುರಾಗುತ್ತಿತ್ತು. ಬಲಕ್ಕೆ ಹೊರಳಿಸಿದರೆ ದೇವರಿಗೆ ಬೆನ್ನಾಗುತ್ತಿತ್ತು. ಬಾಯೋರು ಬಲಕ್ಕೆ ಹೊರಳಿಸಿ ಹೋದ ಸ್ವಲ್ಪ ಹೊತ್ತಿಗೇ ಅವಳು ಅಳುಮುಖ ಮಾಡಿ, ಎದುರಿಗೆ ಸಿಕ್ಕ ನೆರೆಯವರನ್ನೋ ನನ್ನನ್ನೋ ಬೇಡಿಕೊಂಡು ಮತ್ತೆ ಎಡಕ್ಕೆ ಹೊರಳಿಸಿಕೊಳ್ಳುತ್ತಿದ್ದಳು. ಮುದುಕಿಯ ಭಕ್ತಿ ಎಂದು ನಾವೂ ಮಾಡುತ್ತಿದ್ದೆವು. ಎಡಗಡೆ ಸ್ಪರ್ಶವಿಲ್ಲದ್ದರಿಂದ ನೋವು ಅವಳಿಗೆ ತಿಳಿಯುವಂತಿರಲಿಲ್ಲ. ಚೈತ್ರ ಬಂತು. ರೋಣದ ಬೇಸಿಗೆಯಲ್ಲಿ ಗೋಡೆಯೂ ಬಿಸಿ, ನೆಲವೂ ಬಿಸಿ, ಕುಡಿಯುವ ನೀರೂ ಬಿಸಿ. ಸಂಜೆ ಅವ್ವನ ಎಡ ಸೊಂಟದ ಎಲುಬಿನ ಮೇಲೆ ಕೈಯಿಟ್ಟಾಗ ಬಿಸಿ ಹತ್ತಿತು. ಬೇಸಿಗೆಯದು ಎಂದುಕೊಂಡೆ. ಬಲಗಡೆಗೂ ಕೈಯಿಟ್ಟು ಹೋಲಿಸಿ ನೋಡಬೇಕು ಎಂದು ಅವರು ಹೇಳಿಕೊಟ್ಟಿದ್ದರು. ನಾನು ಹೋಲಿಸಲಿಲ್ಲ. ಪರೀಕ್ಷೆಯ ಪೇಪರುಗಳ ರಾಶಿ ಇತ್ತು, ದಣಿದಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಬಾಯೋರು ಹೊರಳಿಸುವಾಗ ಧಾಬಳಿಗೆ ಏನೋ ಅಂಟಿತ್ತು. ಅವರು ಧಾಬಳಿಯನ್ನು ಬಿಚ್ಚಿ ಹಿತ್ತಲಿಗೆ ಎಸೆದರು. ನನ್ನನ್ನೂ ಕೇಳಲಿಲ್ಲ, ಅವ್ವನನ್ನೂ ಕೇಳಲಿಲ್ಲ. ಸೊಂಟದ ಎಲುಬಿನ ಮೇಲೆ ಬೆಳ್ಳಿ ರೂಪಾಯಿಯಷ್ಟು ಅಗಲಕ್ಕೆ ಚರ್ಮ ಕಪ್ಪಾಗಿ ಕಿತ್ತು ಬಂದಿತ್ತು. ಬಾಯೋರು ಬರಿಗೈಯಿಂದ ಸುತ್ತಲೂ ಮುಟ್ಟಿ ನೋಡಿದರು. ಮೇಲೆ ಇಷ್ಟೇ, ಒಳಗೆ ಅಂಗೈಯಷ್ಟಿದೆ ಎಂದರು. ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಬೈದುಕೊಂಡದ್ದು ತಮ್ಮನ್ನೇ. ಕುರುಡು ಕೈ ಇಟ್ಟುಕೊಂಡು ಐದು ತಿಂಗಳು ಈ ಮನೆಗೆ ಬಂದೆನಲ್ಲ ಎಂದರು.

ಅವ್ವ ಏನನ್ನುತ್ತಾಳೋ ಎಂದು ನಾನು ಹೆದರಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಿದ್ದಳು. ಬಾಯೋರ ಕೈ ಅವಳ ಬೆನ್ನಿನ ಬಲಭಾಗಕ್ಕೆ, ಸ್ಪರ್ಶ ಇದ್ದ ಭಾಗಕ್ಕೆ ಬಂದಾಗ ಒಂದು ಉಸಿರು ಬಿಟ್ಟಳು. ಅವಳ ಮಡಿಯ ಮೈಯನ್ನು ಆ ತಿಂಗಳುಗಳಲ್ಲಿ ನಾನೂ ಅವಸರದಲ್ಲೇ ಮುಟ್ಟಿದ್ದೆ. ಅವತ್ತಿನಿಂದ ಧಾಬಳಿಯ ಸುದ್ದಿ ಬರಲಿಲ್ಲ. ಬಾಯೋರು ಹೋದ ಮೇಲೆ ತಲೆಯ ಮೇಲೆ ಎರಡು ಹನಿ ತುಳಸಿ ನೀರು ಹಾಕಿಸಿಕೊಳ್ಳುತ್ತಿದ್ದಳು, ಅಷ್ಟೇ. ಕೆಲವು ವಾರಗಳಾದ ಮೇಲೆ ಅದನ್ನೂ ಮರೆತಳು.

ಗಾಯ ಮುಚ್ಚುವವರೆಗೆ ನಿಮ್ಮ ತಾಯಿಯನ್ನು ಹೋಗಗೊಡುವುದಿಲ್ಲ ಎಂದು ಬಾಯೋರು ನನಗೆ ಹೇಳಿದರು. ಅದೊಂದು ಪಂತದ ಹಾಗೆ ಅವರಿಗೆ ಹಿಡಿಯಿತು. ಹಳೆಯ ಧೋತರಗಳನ್ನು ಕುದಿಸಿ ಪಟ್ಟಿ ಹರಿದರು. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ದಿನಾ ತೊಳೆದರು. ನವಣೆ ತುಂಬಿದ ಸಣ್ಣ ಚೀಲಗಳನ್ನು ಹೊಲಿದು ಮೀನಗಂಡಗಳ ಕೆಳಗೆ ಇಟ್ಟು ಹಿಮ್ಮಡಗಳನ್ನು ಹಾಸಿಗೆಯಿಂದ ಮೇಲೆತ್ತಿದರು. ಶೇಂಗಾ ಅರೆದು ಹಾಲಿನಲ್ಲಿ ಕಲಸಿ ತಿನ್ನಿಸಲು ನನಗೆ ಹೇಳಿದರು, ತಿನ್ನದ ದಿನ ಅವ್ವನ ಮೇಲೆ ರೇಗಿದರು. ದೇವರ ಜಗಳವನ್ನೂ ಅವರೇ ಬಗೆಹರಿಸಿದ್ದು. ಬಲಗಡೆಯ ಗೋಡೆಗೂ ಒಂದು ದೇವರ ಪಟ ಹಾಕಿಸಿ, ಈಗ ಯಾವ ಮಗ್ಗಲಿಗೆ ಮಲಗಿದರೂ ನಿಮಗೆ ದರ್ಶನ ತಪ್ಪುವುದಿಲ್ಲ ಎಂದಾಗ ಅವ್ವ ಲಕ್ವಾ ಬಡಿದ ಮೇಲೆ ಮೊದಲ ಸಲ ನಕ್ಕಳು. ವಾರಕ್ಕೊಮ್ಮೆ ನನ್ನ ಹಳೆಯ ಕಾಪಿ ಪುಸ್ತಕದ ಹಾಳೆಯಲ್ಲಿ ಗಾಯದ ಅಳತೆಗೆ ಸರಿಯಾಗಿ ಕಾಗದ ಕತ್ತರಿಸುತ್ತಿದ್ದರು. ಹಿಂದಿನ ವಾರದ್ದರ ಮೇಲೆ ಈ ವಾರದ್ದನ್ನಿಟ್ಟು ನನಗೆ ತೋರಿಸುತ್ತಿದ್ದರು. ಪ್ರತಿ ಸಲ ಕೆಳಗಿನ ಕಾಗದದ ಅಂಚು ಒಂದಿಷ್ಟು ಹೊರಗೆ ಕಾಣುತ್ತಿತ್ತು. ಆ ಅಂಚು ನೋಡಲು ನಾನು ಸಾಲೆಯಿಂದ ಓಡಿಬರುತ್ತಿದ್ದೆ.

ಆ ವರ್ಷದ ನಾಗರ ಪಂಚಮಿಗೆ ಸಾಲೆಗೆ ಸೂಟಿ, ಅವರಿಗೂ ಅರ್ಧ ದಿನ ಸೂಟಿ. ಊರ ತುಂಬ ಜೋಕಾಲಿ, ಮನೆಮನೆಗೆ ಉಂಡಿ. ನಾಲ್ಕು ಉಂಡಿ ಕಟ್ಟಿಕೊಂಡು ದವಾಖಾನೆಯ ಹಿಂದಿದ್ದ ಅವರ ಕೋಣೆಗೆ ಹೋದೆ. ಅದೊಂದೇ ಸಲ ಹೋದದ್ದು. ಬಾಗಿಲು ತೆರೆದಿತ್ತು. ಹಾಸಿಗೆಯಿಲ್ಲದ ಬರೀ ಮಂಚದ ಮೇಲೆ ಬಾಯೋರು ಅಂಗಾತ ಮಲಗಿದ್ದರು, ಕಣ್ಣು ತೆರೆದಿತ್ತು, ಅಲುಗಾಡುತ್ತಿರಲಿಲ್ಲ. ಏನಾಯಿತು ಎಂದು ಕೇಳಿದಾಗ ತುಟಿಯಷ್ಟೇ ಅಲುಗಿಸಿ, ಸ್ವಲ್ಪ ತಡೆಯಿರಿ ಎಂದರು. ಎಷ್ಟೋ ಹೊತ್ತಿನ ಮೇಲೆ ಮಗ್ಗಲಾಗಿ ಎದ್ದು ಕೂತರು. ಹೊರಳದೆ ಮಲಗಿದರೆ ಮೈ ಎಷ್ಟು ಹೊತ್ತಿಗೆ ಬೇಡಿಕೊಳ್ಳಲು ಶುರುಮಾಡುತ್ತದೆ, ಎಲ್ಲಿಂದ ಶುರುಮಾಡುತ್ತದೆ ಎಂದು ನೋಡುತ್ತಿದ್ದರಂತೆ. ಸೂಟಿ ಸಿಕ್ಕಾಗಲೆಲ್ಲ ಹೀಗೆ ನೋಡುವುದುಂಟಂತೆ. ಹಬ್ಬದ ದಿನವೂ ಇದೇನಾ ಎಂದೆ. ಹಬ್ಬದ ದಿನವೇ ಅನುಕೂಲ, ಯಾರೂ ಬರುವುದಿಲ್ಲ ಎಂದರು. ಹೊರಗೆ ಬೇವಿನ ಮರದಲ್ಲಿ ಹುಡುಗಿಯರು ಜೀಕುತ್ತ ಕೂಗಾಡುತ್ತಿದ್ದರು. ಉಂಡಿಯನ್ನು ಕಿಟಕಿಯಲ್ಲಿಟ್ಟು ನಾನು ಬಂದುಬಿಟ್ಟೆ. ಅವರ ಜೊತೆ ಕೂತು ಒಂದು ಉಂಡಿ ತಿಂದಿದ್ದರೆ ನನ್ನದೇನು ಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಶ್ರಾವಣ ಮುಗಿಯುವ ಹೊತ್ತಿಗೆ ಗಾಯ ಹುಣಸೆ ಬೀಜದಷ್ಟು ಉಳಿದಿತ್ತು. ಇನ್ನು ಹದಿನೈದು ದಿನ ಸಾಕು ಎಂದು ಬಾಯೋರು ಹೇಳಿದರು. ಆಗ ಅವ್ವನಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಬರಬೇಕಾದವರಿಗೆ ತಿಳಿಸಿ ಎಂದರು. ಸೊಲ್ಲಾಪುರದಿಂದ ಅಣ್ಣ ಬಂದ, ಅತ್ತಿಗೆ ಬಂದಳು, ನರೇಗಲ್ಲಿನಿಂದ ಸೋದರತ್ತೆ ತನ್ನ ಮಕ್ಕಳು ಸೊಸೆಯರೊಂದಿಗೆ ಬಂದಳು. ಮನೆಯಲ್ಲಿ ಹನ್ನೊಂದು ಜನವಾದೆವು. ಮೊದಲ ದಿನ ಮಧ್ಯಾಹ್ನವೇ ಸೋದರತ್ತೆ ಕಟ್ಟೆಯ ಮೇಲಿದ್ದ ಬಾಯೋರನ್ನು ನೋಡಿ, ಇವರು ಯಾರು, ಎಲ್ಲಿಯವರೆಗೆ ಒಳಗೆ ಬರುತ್ತಾರೆ ಎಂದು ವಿಚಾರಿಸಿದಳು. ನಾನು ಹೇಳಿದೆ. ಪ್ರಾಣ ಹೋಗುವ ಹೊತ್ತಿನಲ್ಲಾದರೂ ಮುದುಕಿಯ ಮಡಿ ಉಳಿಸಬಾರದೇ ಎಂದು ಅವಳು ಹಣೆ ಚಚ್ಚಿಕೊಂಡಳು. ಅಣ್ಣ, ಇನ್ನು ಹೊರಳಿಸಿ ಆಗಬೇಕಾದ್ದೇನು, ನೆಮ್ಮದಿಯಿಂದ ಹೋಗಲಿ ಎಂದ. ನಾನು ವಾದಿಸಬಹುದಿತ್ತು. ಸಾಲೆಯಲ್ಲಿ ಇನ್ಸ್‌ಪೆಕ್ಟರ ಜೊತೆ ವಾದಿಸುತ್ತಿದ್ದವಳು ನಾನು. ಆದರೆ ಗಂಡನಿಲ್ಲದ ತಂಗಿ ಬಳಗದ ಎದುರು ಎಷ್ಟು ಮಾತಾಡಬಹುದು ಎಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಎದ್ದು ಹೊರಗೆ ಹೋದೆ.

"ನಾವ ನೋಡ್ಕೋತೇವಿ ಬಾಯೋರ. ಮನಿ ತುಂಬ ಮಂದಿ ಇದ್ದಾರ ಈಗ."

ಅವರು ರೊಟ್ಟಿ ಕಟ್ಟಿದ ಅರಿವೆಯನ್ನು ಇನ್ನೂ ಬಿಚ್ಚಿರಲಿಲ್ಲ. ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದವರನ್ನು ನೋಡಿದರು.

"ಹೊರಳಸ್ತೀರಲ್ರಿ?"

"ಹೊರಳಸ್ತೇವಿ."

ಹೊರಳಿಸಲಿಲ್ಲ. ಒಂದೆರಡು ಸಲ ನಾನು ಪ್ರಯತ್ನಿಸಿದಾಗ ಅವ್ವ ನರಳಿದಳು, ಸಾಯುವ ಜೀವಕ್ಕೆ ಯಾಕೆ ಹಿಂಸೆ ಕೊಡುತ್ತೀ ಎಂದು ಸೋದರತ್ತೆ ನನ್ನನ್ನು ಎಬ್ಬಿಸಿದಳು. ಹನ್ನೊಂದು ಜನರ ಅಡಿಗೆ ನನ್ನ ತಲೆಯ ಮೇಲಿತ್ತು. ಒಬ್ಬರಲ್ಲ ಒಬ್ಬರು ಅವ್ವನ ಬಳಿ ಕೂತು ಸಹಸ್ರನಾಮ ಓದುತ್ತಿದ್ದರು. ಅವಳನ್ನು ದೇವರ ಕೋಣೆಯ ಕಡೆ, ಎಡ ಮಗ್ಗಲಿಗೆ ಮಲಗಿಸಿದ್ದರು. ಮಧ್ಯಾಹ್ನದ ಹೊತ್ತು ಅವಳ ಕಣ್ಣು ಬಾಗಿಲ ಕಡೆ ಹೋಗುವುದನ್ನು ಅಡಿಗೆ ಮನೆಯಿಂದ ನಾನು ನೋಡಿದೆ. ಯಾರಿಗಾಗಿ ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಒಗ್ಗರಣೆ ಹಾಕುತ್ತ ನಿಂತೆ. ಒಂಬತ್ತನೆಯ ದಿನ ಬೆಳಗಿನ ಜಾವ ಹೋದಳು.

ಮೈ ತೊಳೆಯುವಾಗ ನಾನೂ ಇದ್ದೆ. ಹುಣಸೆ ಬೀಜದಷ್ಟಿದ್ದ ಗಾಯ ಬಾಯಿ ಬಿಟ್ಟಿತ್ತು. ನನ್ನ ಮುಷ್ಟಿ ಹಿಡಿಸುವಷ್ಟು. ಒಳಗೆ ಬಿಳಿಯ ಎಲುಬು ಕಂಡಿತು. ಬೆನ್ನಿನ ಬುಡದಲ್ಲಿ ಇನ್ನೊಂದು ಎದ್ದಿತ್ತು. ಹೆಂಗಸರು ಮುಖ ಆಚೆ ತಿರುಗಿಸಿ ಲಗುಬಗೆಯಲ್ಲಿ ನೀರು ಹೊಯ್ದರು.

ಅವ್ವನನ್ನು ಒಯ್ದ ಮೇಲೆ, ಮಧ್ಯಾಹ್ನ, ಬಾಯೋರು ಬಂದರು. ದಿನಾ ಬರುವ ಹೊತ್ತಿಗೇ ಬಂದರು. ಕಟ್ಟೆ ಹತ್ತಲಿಲ್ಲ, ಬೀದಿಯಲ್ಲೇ ನಿಂತರು. ನಾನು ಹೊರಗೆ ಬಂದೆ. ಬಾಗಿಲಲ್ಲಿ ಅತ್ತಿಗೆ, ಸೋದರತ್ತೆ, ಅವಳ ಸೊಸೆಯರು. ಅಳು, ಸಮಾಧಾನ ಯಾವುದೂ ಇಲ್ಲ. ಅವರು ಒಂದೇ ಮಾತು ಕೇಳಿದರು.

"ಗಾಯ ಹ್ಯಾಂಗಿತ್ರಿ ಅಕ್ಕೋರ?"

"ಮುಚ್ಚಿತ್ತು," ಎಂದೆ.

"ಪೂರಾ?"

"ಪೂರಾ ಮುಚ್ಚಿತ್ತು, ಬಾಯೋರ."

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರ ಮೇಲಿನ ಕನಿಕರದಿಂದ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಅಷ್ಟೇ ಅಲ್ಲ. ಬಾಗಿಲಲ್ಲಿದ್ದವರ ಎದುರು, ನಾವು ಹೊರಳಿಸಲಿಲ್ಲ, ನಿಮ್ಮನ್ನು ಹೊರಗೆ ಹಾಕಿ ಕೆಡಿಸಿದೆವು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಬಾಯೋರ ಮುಖ ಅರಳಿತು. ಅವರು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸತ್ತ ಮನೆಯ ಮುಂದೆ ನಗುತ್ತಿದ್ದೇನೆ ಎಂದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೈ ಮುಗಿದು ಹೊರಟುಹೋದರು.

ಆಮೇಲೆ ನಾನು ಅವರನ್ನು ತಪ್ಪಿಸತೊಡಗಿದೆ. ದವಾಖಾನೆಯ ಮುಂದಿನ ದಾರಿ ಬಿಟ್ಟು ಸುತ್ತುಹಾಕಿ ಸಾಲೆಗೆ ಹೋದೆ. ಎದುರಿಗೆ ಸಿಕ್ಕರೆ ಅವಸರದಲ್ಲಿದ್ದೇನೆ ಎಂದು ನಟಿಸಿದೆ. ತಾಯಿಯ ದುಃಖ ಎಂದು ಅವರು ತಿಳಿದಿರಬೇಕು. ಮರುವರ್ಷ ಅವರಿಗೆ ನರಗುಂದಕ್ಕೆ ವರ್ಗವಾಯಿತು. ಬಸ್ಸು ಹತ್ತುವ ಮುಂಚೆ ಸಾಲೆಯ ಗೇಟಿನವರೆಗೆ ಬಂದು ನನ್ನನ್ನು ಕೇಳಿದರು. ನಾನು ತರಗತಿಯಲ್ಲಿದ್ದೇನೆಂದು ಜವಾನನಿಂದ ಹೇಳಿಕಳಿಸಿದೆ. ನಡುವೆ ಸರಕಾರ ಬದಲಾಯಿತು, ದವಾಖಾನೆಯ ಬೋರ್ಡು ಬದಲಾಯಿತು. ಸುಳ್ಳು ಮಾತ್ರ ನನ್ನ ಹತ್ತಿರ ಹಾಗೇ ಉಳಿಯಿತು. ಸಂಜೆ ಒಬ್ಬಳೇ ಉಂಡು, ಒಬ್ಬಳೇ ಪಾತ್ರೆ ತೊಳೆದಿಟ್ಟು ಕೂತಾಗ ಮಾತಾಡಬೇಕೆನ್ನಿಸುತ್ತಿದ್ದುದು ಅವರೊಬ್ಬರ ಜೊತೆಗೆ. ಬೇರೆ ಯಾರಿಗೂ ಅವ್ವನ ಬೆನ್ನು ಗೊತ್ತಿರಲಿಲ್ಲ.

ದಶಕದ ಕೊನೆಯ ಹೊತ್ತಿಗೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ನರಗುಂದಕ್ಕೆ ಹಾಕಿದರು. ಈ ಸಲ ಹೇಳಿಬಿಡಬೇಕು ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಮೊದಲ ದಿನದ ಪೇಪರು ಮುಗಿದ ಕೂಡಲೇ ದವಾಖಾನೆಗೆ ಹೋಗಿ ಬಾಯೋರು ಎಲ್ಲಿ ಎಂದು ಕೇಳಿದೆ. ಅಲ್ಲಿದ್ದ ನರ್ಸ್ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರರವಳು, ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. ಕಾಮಾಲೆಯಾಗಿ ನಾಲ್ಕೇ ದಿನ ಮಲಗಿ, ಮೂರು ತಿಂಗಳ ಹಿಂದೆ ಹೋದರು ಎಂದಳು. ಗಜೇಂದ್ರಗಡಕ್ಕೆ ಹೇಳಿಕಳಿಸಿದ್ದರು, ಯಾರೂ ಬಂದಿರಲಿಲ್ಲ. ದವಾಖಾನೆಯವರೇ ಎಲ್ಲ ಮಾಡಿದ್ದರು. ನಾನು ರೋಣದವಳು, ಅಕ್ಕೋರು ಎಂದು ತಿಳಿದ ಕೂಡಲೇ ಅವಳ ಕಣ್ಣು ದೊಡ್ಡದಾಯಿತು. ನಿಮ್ಮ ತಾಯಿಯ ಸುದ್ದಿಯನ್ನು ಅವರು ನೂರು ಸಲ ಹೇಳಿದ್ದಾರೆ, ಎಲುಬಿನವರೆಗೆ ಹೋದ ಗಾಯ ಬರೀ ಹೊರಳಿಸಿ ಹೊರಳಿಸಿ ಮುಚ್ಚಿದ್ದಂತೆ, ನಮಗೆ ಕೆಲಸ ಕಲಿಸುವಾಗ ಮೊದಲ ಪಾಠ ಅದೇ ಎಂದಳು.

ನಾನು ನೆಲ ನೋಡುತ್ತ ಕೂತೆ. ಅವಳು ದನಿ ತಗ್ಗಿಸಿ ಮುಂದುವರಿಸಿದಳು.

"ಮೊದಲಿಗೆಲ್ಲ ಖುಷಿಲೆ ಹೇಳ್ತಿದ್ರು. ಕಡಿಕಡಿಗಿ ಹೇಳಿ ಅಳ್ತಿದ್ರು. ಇಲ್ಲಿ ಅಂಥಾ ಗಾಯ ಒಂದೂ ಪೂರಾ ಮುಚ್ಚಲಿಲ್ರಿ. ರೋಣದಾಗ ಮುಚ್ಚಿದ ಕೈ ಇದ, ಈಗ್ಯಾಕ ಆಗವಲ್ದು, ನನ್ನ ಕೈ ಕೆಟ್ಟೈತಿ ಅಂತ ಕೈ ನೋಡಿಕೋತ ಕುಂದರ್ತಿದ್ರು. ಹೋಗೂ ಮುಂದನೂ ಅದನ್ನ ಅಂದ್ರು."

"ಮುಚ್ಚಿರಲಿಲ್ಲ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಹುಣಸೆ ಬೀಜದಷ್ಟಾಗುವವರೆಗೆ ಅವರ ಕೈ ಹೇಗೆ ಮುಚ್ಚಿಸಿತ್ತು, ಒಂಬತ್ತು ದಿನ ನಾವು ಅವರನ್ನು ಹೇಗೆ ಒಳಗೆ ಬಿಡಲಿಲ್ಲ, ಕೊನೆಗೆ ಎಷ್ಟು ತೆರೆದಿತ್ತು, ಬೀದಿಯಲ್ಲಿ ನಿಂತು ಕೇಳಿದವರಿಗೆ ನಾನು ಏನು ಹೇಳಿದೆ. ಅವರ ಕೈ ಎಂದೂ ಕೆಟ್ಟಿರಲಿಲ್ಲ ಎಂದೆ. ಹುಡುಗಿ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಇದನ್ನ ಅವರಿಗಿ ಹೇಳಬೇಕಾಗಿತ್ತಲ್ರಿ ಅಕ್ಕೋರ," ಎಂದಳು.

"ಹೇಳಲಿಕ್ಕಂತನ ಬಂದೇನಿ," ಎಂದೆ.